ದಮಯಂತಿಬಾಯಿಯ ಬಾವಿ ನೀರು

"ಯಾರದು ಮೇಲೆ? ಇಳೀರಿ ಕೆಳಗೆ!"

ರೂಪಾಳ ತಲೆಯ ಮೇಲೆ ಹಿಡಿಯಷ್ಟು ಮಣ್ಣು ಸುರಿದಿತ್ತು. ಕೂದಲು, ರೆಪ್ಪೆ, ಹೊಸ ಚೂಡಿದಾರದ ಹೆಗಲು... ಎಲ್ಲ ಕಂದು ಪುಡಿ! ಕಣ್ಣುಜ್ಜಿಕೊಂಡು ನೋಡಿದರೆ ಏಣಿಯ ತುದಿಯಲ್ಲಿ ಒಬ್ಬ ಗಂಡಸು ಸ್ಕ್ರೂಡ್ರೈವರಿನಿಂದ ಹಂಚಿನ ಮಾಡಿನ ಮರಕ್ಕೆ ಚುಚ್ಚುತ್ತಿದ್ದ.

"ನೀವು ಕೆಳಗೆ ಬಂದು ನಿಂತದ್ದು ಎಂತಕ್ಕೆ?" ಎಂದ ಅವನು, ತಿರುಗದೆಯೇ.

"ನಾನು ದುಡ್ಡು ಕೊಟ್ಟು ತಕ್ಕಂಬು ಮನೆ ಇದು!"

"ಹೌದಾ? ಹಾಂಗಾದ್ರೆ ತಲೆ ಮೇಲಿದ್ದ ಗೆದ್ದಲು ಮಣ್ಣೂ ನಿಮ್ದೇ. ಆದ್ರೆ ನಾನೂ ಈ ಮನೆ ತಕ್ಕಂಬುಕೇ ಬಂದವ."

ರೂಪಾ ಏಣಿಯ ಕಾಲು ಹಿಡಿದು ಮೇಲೆ ನೋಡಿದಳು.

ಒಳಗಿನಿಂದ ಮನೆಯೊಡತಿ ದಮಯಂತಿಬಾಯಿ ನಗುತ್ತ ಬಂದಳು. "ಇಬ್ರಿಗೂ ಇವತ್ತೇ ಬರುಕೆ ಹೇಳಿದ್ದೆ. ಮನೆ ಸಮಾ ನೋಡಿ. ಯಾರು ಮೊದ್ಲು ಮುಂಗಡ ಕೊಡ್ತ್ರೋ ಅವ್ರಿಗೆ."

ರೂಪಾ ಅಂಕೋಲಾ ಡಿಪೋದ ಬಸ್ ಕಂಡಕ್ಟರ್. ಮೂವತ್ತೆರಡು ವರ್ಷ. ಅವಳಿಗೆ ಆರು ತುಂಬಿದಾಗ ಚೆಂಡಿಯಾ ಊರಿನ ಅವರ ಮನೆ, ಗದ್ದೆ ಎರಡೂ ನೌಕಾನೆಲೆಗೆ ಹೋಗಿದ್ದವು. ಅಪ್ಪ ಅದೇ ಕೊರಗಿನಲ್ಲಿ ತೀರಿಕೊಂಡ. ತಾಯಿ ಬೀರಿ ಪುನರ್ವಸತಿ ಕಾಲೊನಿಯ ನಲ್ಲಿಯ ಮುಂದೆ ಸರತಿ ಕಾಯುತ್ತಲೇ ಮುದುಕಿಯಾದಳು. ಆಯಿಗೆ ಬಾವಿ, ಅಂಗಳ ಇರುವ ಮನೆಯೊಂದನ್ನು ಕೊಡಿಸಬೇಕು... ಹತ್ತು ವರ್ಷಗಳಿಂದ ರೂಪಾಳ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಮದುವೆಯದ್ದೂ ಇರಲಿಲ್ಲ.

ಏಣಿಯಿಂದ ಇಳಿದವನ ಹೆಸರು ಮಂಗೇಶ. ಬೈತಖೋಲ ಬಂದರಿನಲ್ಲಿ ಟ್ರಾಲರ್ ಎಂಜಿನ್ ರಿಪೇರಿ ಮಾಡುವವನು. ಅಣ್ಣನ ಮನೆಯ ಜಗಲಿಯಲ್ಲಿ ಮಲಗುತ್ತಿದ್ದ.

"ಅತ್ತಿಗೆ ಬೆಳಿಗ್ಗೆ ಐದಕ್ಕೆ ನನ್ನ ಚಾಪೆ ಮಡಚ್ತಾಳೆ," ಎಂದ ಅವನು. "ನಾನು ಅದ್ರ ಮೇಲೆ ಇರುವಾಗ್ಲೇ!"

ರೂಪಾ ನಕ್ಕುಬಿಟ್ಟಳು. ನಕ್ಕ ಮೇಲೆ ತನ್ನ ಮೇಲೆಯೇ ಸಿಟ್ಟು ಬಂತು. ಛೇ! ಇವನು ಎದುರಾಳಿ!

ಮುಂಗಡದ ದುಡ್ಡು ಇಬ್ಬರ ಬಳಿಯೂ ಇನ್ನೂ ಇರಲಿಲ್ಲ. ಆದರೂ ಭಾನುವಾರಗಳು ಬಂದವು. ಬೇಲೆಕೇರಿಯ ಆ ಹಂಚಿನ ಮನೆಯನ್ನು ಇಬ್ಬರೂ ಸೇರಿಯೇ ನೋಡತೊಡಗಿದರು. ಅವನು ಚಿರೆಕಲ್ಲಿನ ಗೋಡೆಯನ್ನು ಬೆರಳ ಗಂಟಿನಿಂದ ಬಡಿದು ಸದ್ದು ಕೇಳುತ್ತಿದ್ದ. ಪಡುವಣ ಗೋಡೆಯಲ್ಲಿ ಮೊಣಕಾಲಿನ ಎತ್ತರಕ್ಕೆ ಬಿಳಿ ಉಪ್ಪು ಒಸರಿದ್ದನ್ನು ಮೊದಲು ಕಂಡವನು ಅವನೇ. ಪಹಣಿ, ನಕ್ಷೆ ಹಿಡಿದು ಹಿತ್ತಲಿನ ಗಡಿಕಲ್ಲು ಹುಡುಕಿದವಳು ಅವಳು. ಮಾಡಿನ ಆರು ಮರ ಬದಲಿಸಬೇಕು, ತೊಲೆ ಗಟ್ಟಿ ಇದೆ ಎಂದು ಇಬ್ಬರೂ ಒಪ್ಪಿದರು. ಕಡಲು ಉಬ್ಬುವ ಭರತಿಯ ಹೊತ್ತಿಗೇ ಬಂದು ಬಾವಿಯ ನೀರು ಸೇದಿ ರುಚಿ ನೋಡಿದರು. ಸಮುದ್ರ ಕೂಗಳತೆಯಲ್ಲಿದ್ದರೂ ನೀರು ಸಿಹಿ!

ಕೇರಿಯನ್ನೂ ಸುತ್ತಿದರು. ಮೂಲೆಯ ಅಂಗಡಿಯ ಪುಂಡಲೀಕನನ್ನು ರೂಪಾ ಕೇಳಿದಳು, "ಮಳೆಗಾಲದಾಗೆ ಈ ರಸ್ತೆ ಮೇಲೆ ನೀರು ನಿಲ್ತದ್ಯಾ?"

"ನಿಲ್ತದೆ. ಎರಡು ತಾಸಿಗೆ ಇಳೀತದೆ," ಎಂದ ಅವನು. "ನಮ್ಮ ಕೇರಿ ಜನ್ರ ಬಾಯಿ ಮಾತ್ರ ಇಳೂದಿಲ್ಲ. ಅದನ್ನೂ ಬರ್ಕೊಳ್ಳಿ."

ಮೂರನೆಯ ಭಾನುವಾರ, ಮಂಗೇಶ ಹಿತ್ತಲಿನಲ್ಲಿದ್ದಾಗ, ರೂಪಾ ಗೋಡೆಯ ಮೇಲಿನ ಫೋಟೊ ನೋಡುತ್ತ ನಿಂತಳು. ಹಾರ ಹಾಕಿದ ಎಳೆಯ ಮುಖ.

"ಮನಿಷಾ, ನನ್ನ ಸೊಸೆ," ಎಂದಳು ದಮಯಂತಿಬಾಯಿ. "ಕಾಮಾಲೆ. ಎರಡು ತಿಂಗಳು ವಾಸ್ಕೋದ ಆಸ್ಪತ್ರೇಲಿ ನಾನೇ ಇದ್ದೆ. ನನ್ನ ತೊಡೆ ಮೇಲೇ ಹೋದ್ಲು. ಅಲ್ಲೇ ಸುಟ್ವಿ, ಇಲ್ಲಿ ಕೇರಿಯವ್ರಿಗೆ ಮುಖ ಕಾಂಬುಕೂ ಸಿಗ್ಲಿಲ್ಲ. ಮಗ ಕಿಶನ ವಾಸ್ಕೋದಲ್ಲಿ ಮತ್ತೊಂದು ಲಗ್ನ ಆದ. ಮೊಮ್ಮಗಳು ಪುಟ್ಟು ಅಲ್ಲೇ. ಎಂಟು ವರ್ಷ ಅದಕ್ಕೆ. ಈ ಮನೆ ಮಾರಿ ಅದ್ರ ಶಾಲೆ ಹತ್ರ ಒಂದು ಬಾಡಿಗೆ ಖೋಲಿ ಹಿಡೂದು... ದಿನಾ ಶಾಲೆ ಬಿಟ್ಟಾಗ ಕಂಡ್ರೆ ಸಾಕು ನಂಗೆ."

ರೂಪಾ ಅವಳ ಕೈ ಹಿಡಿದುಕೊಂಡಳು. ಆ ಕ್ಷಣದ ಕರುಣೆ ಖಂಡಿತ ಸುಳ್ಳಾಗಿರಲಿಲ್ಲ.

ನಾಲ್ಕನೆಯ ಭಾನುವಾರ ಬಸ್ ನಿಲ್ದಾಣದಲ್ಲಿ ಮಂಗೇಶ ಹೇಳಿದ, "ಗುರುವಾರ ಮುಂಗಡ ಕೊಡ್ತೆ, ರೂಪಾ. ದುಡ್ಡು ಹೊಂದಿತು."

ರೂಪಾ ಬೆರಳು ಮಡಚಿ ಲೆಕ್ಕ ಹಾಕಿದಳು. ಅವಳ ಸಾಲ ಮಂಜೂರಾಗಲು ಇನ್ನೂ ಹದಿನೈದು ದಿನ ಬೇಕಿತ್ತು.

"ಮತ್ತೆ... ನಿಂಗೊಂದು ಮಾತು ಹೇಳೂದಿತ್ತು," ಎಂದ ಅವನು. ಕಿವಿ ಕೆಂಪಾಗಿತ್ತು.

ಅವಳಿಗೆ ಅದು ಕೇಳಿಸಲೇ ಇಲ್ಲ. ಕಣ್ಣ ಮುಂದೆ ಇದ್ದದ್ದು ನಲ್ಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ ಆಯಿ. ಹದಿನೈದು ದಿನ... ಹದಿನೈದೇ ದಿನ ಇವನು ಹಿಂದೆ ಸರಿದರೆ ಸಾಕು!

"ಮಂಗೇಶ, ನಿಂಗೆ ಗೊತ್ತಿಲ್ವಾ? ಆ ಬಾವಿ..."

"ಬಾವಿಗೆ ಎಂತಾಯ್ತು?"

"ಅವ್ಳ ಸೊಸೆ ಹಾರಿದ್ದು ಅದೇ ಬಾವಿಗೆ. ಅತ್ತೆ ಕಾಟ ತಾಳುಕಾಗ್ದೆ. ನಮ್ಮ ಬಸ್ಸಿಗೆ ಬರೂ ಹೆಂಗಸ್ರು ಹೇಳಿದ್ದು."

ಅವನ ಮುಖ ಬಿಳಿಚಿತು. "ಆ ನೀರು ನಾವು ಕುಡಿದ್ವಲ್ಲೇ..."

ಬಸ್ಸು ಬಂತು. ಅವಳು ಹತ್ತಿದಳು. ಮುಗಿಯಿತು. ಅಷ್ಟು ಸುಲಭ!

ಮಂಗೇಶ ಗುರುವಾರ ಮುಂಗಡ ಕೊಡಲಿಲ್ಲ. ಸಾಲ ಮಂಜೂರಾದ ದಿನ ರೂಪಾ ಪೇಡೆ ಹಿಡಿದು ಬೇಲೆಕೇರಿಗೆ ಓಡಿದಳು. ಅಂಗಳ ಗುಡಿಸಿರಲಿಲ್ಲ. ಬಾವಿಯ ಬಾಯಿಗೆ ಯಾರೋ ಮುಳ್ಳಿನ ಟೊಂಗೆ ಹೇರಿದ್ದರು. ದಮಯಂತಿಬಾಯಿ ಕತ್ತಲ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು.

"ನೀನೊಬ್ಳಾದ್ರೂ ಬಂದ್ಯಲ್ಲ, ತಂಗಿ..."

"ಎಂತಾಯ್ತು, ಬಾಯಿ?"

"ಬಂದರದಲ್ಲಿ ಯಾರೋ ಹೇಳಿದ್ರಂತೆ, ನಾನು ಸೊಸೆನ ಬಾವಿಗೆ ನೂಕಿದೆ ಅಂದೇಳಿ! ಬೋಟಿನವ್ರ ಬಾಯಲ್ಲಿ ವಾಸ್ಕೋವರೆಗೂ ಹೋಯ್ತು. ಹೊಸ ಬೀಗ್ರು ಫೋನ್ ಮಾಡಿದ್ರು. ಪುಟ್ಟುನ ಅಮ್ಮನ್ನ ಕೊಂದವ್ಳು ನಮ್ಮ ಬಾಗ್ಲಿಗೆ ಬರೂದು ಬೇಡ ಅಂದ್ರು. ಪುಟ್ಟು ನನ್ನ ಹೆಸ್ರು ಕೇಳಿದ್ರೆ ಹೆದ್ರಿ ಅಳ್ತದಂತೆ..."

ಹಾರಿದಳು ಎಂದದ್ದು ನೂಕಿದಳು ಎಂದಾಗಿತ್ತು! ರೂಪಾಳ ಕೈಯಲ್ಲಿದ್ದ ಪೇಡೆಯ ಪೊಟ್ಟಣ ಬೆವರಿಗೆ ಒದ್ದೆಯಾಯಿತು.

"ಈಗ ಯಾರೂ ಈ ಮನೆ ಕೇಳುದಿಲ್ಲ. ನೀನೇ ತಕ, ತಂಗಿ. ಅರ್ಧ ಕೊಟ್ರೂ ಸಾಕು."

ಹೇಳಿಬಿಡು, ರೂಪಾ... ಈಗಲೇ ಹೇಳಿಬಿಡು!

ಅವಳು ಹೇಳಲಿಲ್ಲ. ಪೊಟ್ಟಣ ಅಲ್ಲಿಯೇ ಇಟ್ಟು ಎದ್ದು ಬಂದಳು. ಮನೆಯಲ್ಲಿ ಆಯಿ ಬೀರಿ, "ಅಂಗಳದಾಗೆ ಅಬ್ಬಲಿಗೆ ಗಿಡ ಹಾಕ್ವ," ಎಂದು ಮಗುವಿನಂತೆ ಹಿಗ್ಗಿದಳು. ರೂಪಾ ತಟ್ಟೆ ಬದಿಗೆ ಸರಿಸಿದಳು.

ಮರುದಿನ ಕಾರವಾರ ನಿಲ್ದಾಣದಲ್ಲಿ ಬಸ್ಸು ಖಾಲಿಯಾಗುತ್ತಿದ್ದಂತೆ ಮಂಗೇಶ ಹತ್ತಿ ಬಂದ.

"ಆ ಮನೆ ನೀ ತಕ್ಕಂಬುದು ಅಂದೇಳಿ ಸುದ್ದಿ. ಖರೆಯಾ?"

ಅವಳು ಚಿಲ್ಲರೆ ಎಣಿಸತೊಡಗಿದಳು.

"ಹೆಣ ಬಿದ್ದ ಬಾವಿ ನೀರು ನಿನ್ನ ಆಯಿಗೆ ಕುಡಿಸ್ತ್ಯಾ, ರೂಪಾ?"

ಅವಳು ತಲೆ ತಗ್ಗಿಸಿದಳು. ಸುಳ್ಳು ಯಾರದ್ದೆಂದು ತಿಳಿಯಲು ಅಷ್ಟು ಸಾಕಾಯಿತು ಅವನಿಗೆ.

"ಮನೆ ಯಾಕೆ ಬಿಟ್ಟೆ ಅಂದೇಳಿ ಬಂದರದಲ್ಲಿ ಕೇಳಿದ್ರು. ನಾನು ಹೇಳಿದೆ. ನನ್ನ ಬಾಯಲ್ಲಿ ಆ ಮುದುಕಿನ ಕೊಲ್ಲಿಸಿದ್ಯಲ್ಲೇ ನೀನು!" ಅವನು ಸೀಟಿನ ಕಂಬಿಗೆ ಗುದ್ದಿದ. "ಗೊತ್ತಾ? ಗುರುವಾರ ಮುಂಗಡ ಕೊಟ್ಟು, ಶುಕ್ರವಾರ ನಿನ್ನ ಆಯಿ ಹತ್ರ ಬರೂದಿತ್ತು ನಂಗೆ. ನಿನ್ನನ್ನ ಕೇಳುಕೆ. ಆ ಮನೆ ನಿಂಗೇ ಬತ್ತಿತ್ತು, ಹುಚ್ಚಿ... ನಿಂಗೇ ಬತ್ತಿತ್ತು!"

ಅವನು ಇಳಿದು ಹೋದ. ರೂಪಾ ಟಿಕೆಟ್ ಯಂತ್ರ ಎದೆಗವಚಿಕೊಂಡು ಖಾಲಿ ಸೀಟಿನ ಮೇಲೆ ಕುಸಿದಳು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದರೂ ಏಳಲಾಗಲಿಲ್ಲ.

ಆ ಮಧ್ಯಾಹ್ನವೇ ಅವಳು ದಮಯಂತಿಬಾಯಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ಮುಚ್ಚಿಡಲಿಲ್ಲ.

ಮುದುಕಿ ಬೈಯಲಿಲ್ಲ. ಎದ್ದು ಹೋಗಿ ಬಾವಿಯ ಮೇಲಿನ ಮುಳ್ಳು ಎಳೆದಳು. ಅಂಗೈ ಸೀಳಿತು. ಒಂದು ಕೊಡ ಸೇದಿ, ತಂಬಿಗೆ ತುಂಬಿ ಮುಂದೆ ಹಿಡಿದಳು.

"ಕುಡಿ."

ರೂಪಾ ಕುಡಿದಳು.

"ಈಗ ನಡಿ. ಒಂದೊಂದೇ ಮನೆ."

ಹನ್ನೊಂದು ಬಾಗಿಲು. ಪ್ರತಿ ಬಾಗಿಲಿನಲ್ಲೂ ಅವಳು ಅದೇ ಮಾತು ಹೇಳಿದಳು. "ಸುಳ್ಳು ಹೇಳಿದವ್ಳು ನಾನು. ಮನೆ ಆಸೆಗೆ ಹೇಳಿದೆ."

ಮೊದಲ ಮನೆಯ ಹೆಂಗಸು ನಕ್ಕಳು. "ಹೀಂಗೆ ಹೇಳುಕೆ ಮುದುಕಿ ನಿಂಗೆ ಎಷ್ಟು ಕೊಟ್ಲು?"

"ಬೆಂಕಿ ಇಲ್ದೆ ಹೊಗೆ ಬತ್ತದ್ಯಾ?" ಎಂದರು ಐದನೆಯ ಮನೆಯವರು.

ಏಳನೆಯ ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ. ಒಳಗಿನಿಂದ ಟಿವಿಯ ದನಿ ಮಾತ್ರ ದೊಡ್ಡದಾಯಿತು. ಕೊನೆಗೆ ಪುಂಡಲೀಕನೂ ತೂಕದ ಕಲ್ಲು ಎತ್ತಿಡುತ್ತ, "ಮೊದ್ಲು ಹೇಳಿದ್ದು ಖರೆ ಇತ್ತು, ಈಗ ಹೇಳೂದು ಸುಳ್ಳು ಅಂತಾರೆ ಜನ," ಎಂದ.

ಒಬ್ಬರೂ ನಂಬಲಿಲ್ಲ. ಒಬ್ಬರೇ ಒಬ್ಬರೂ!

"ನೋಡಿದ್ಯಾ?" ಎಂದಳು ದಮಯಂತಿಬಾಯಿ. "ಹೇಳುಕೆ ನಿಂಗೆ ಬಸ್ಸು ಬರುವಷ್ಟು ಹೊತ್ತು ಸಾಕಾಯ್ತು. ಅಳಿಸುಕೆ ನನ್ನ ಆಯುಷ್ಯ ಸಾಲೂದಿಲ್ಲ."

ಮರುದಿನ ರಜೆ ಹಾಕಿ, ಪುಂಡಲೀಕನಿಂದ ವಿಳಾಸ ಪಡೆದು ರೂಪಾ ವಾಸ್ಕೋಗೆ ಹೋದಳು. ಕಿಶನ ಬಾಗಿಲಲ್ಲಿಯೇ ನಿಂತು ಕೇಳಿಸಿಕೊಂಡ. ಅವನ ಹಿಂದೆ ಅವನ ಹೊಸ ಹೆಂಡತಿ. ಅವಳ ಸೆರಗಿನ ಮರೆಯಿಂದ ಎರಡು ಜಡೆಯ ಹುಡುಗಿ ಇಣುಕುತ್ತಿತ್ತು.

ಹೇಳಿ ಮುಗಿಸಿದ ಮೇಲೆ ರೂಪಾಗೆ ಹೊಳೆಯಿತು.

"ನಿಮ್ಮ ಹೆಂಡತಿ ಹೋದಾಗ... ನೀವೂ ಆಸ್ಪತ್ರೇಲೇ ಇದ್ರಿ ಅಲ್ವಾ?"

ಕಿಶನ ಎತ್ತಲೋ ನೋಡಿದ.

"ಸುಳ್ಳು ಅಂತ ನಿಮ್ಗೆ ಮೊದ್ಲಿಂದ ಗೊತ್ತಿತ್ತು!"

"ಆಯಿ ಇಲ್ಲಿ ಬಂದ್ರೆ ದಿನಾ ಜಗಳ ಆತಿತ್ತು," ಎಂದ ಅವನು ಮೆಲ್ಲಗೆ. "ಸುಮ್ನಿದ್ದೆ. ಅಷ್ಟೇ."

ಅವನ ಹೆಂಡತಿ ಗಂಡನನ್ನು ಮೊದಲ ಸಲ ನೋಡುವವಳಂತೆ ದಿಟ್ಟಿಸಿದಳು. ಆಮೇಲೆ ರೂಪಾಗೆ, "ನೀವು ಹೋಗಿ," ಎಂದು ಬಾಗಿಲು ಹಾಕಿದಳು.

ವಾರದ ಮೇಲೆ ಬೇಲೆಕೇರಿಗೆ ಫೋನ್ ಬಂತಂತೆ. ಕಿಶನನದ್ದಲ್ಲ, ಅವನ ಹೆಂಡತಿಯದ್ದೇ. ಶಾಲೆಯ ಹತ್ತಿರ ಒಂದು ಖೋಲಿ ಇದೆ, ಬನ್ನಿ ಎಂದು. ಈ ಸುದ್ದಿ ಹೇಳಿದ ದಿನವೇ ದಮಯಂತಿಬಾಯಿ ಇನ್ನೊಂದನ್ನೂ ಹೇಳಿದಳು. ಮನೆಯನ್ನು ಹೋಂಸ್ಟೇ ಮಾಡುವ ಯಾರೋ ಪರವೂರಿನವರಿಗೆ ಅರ್ಧ ಬೆಲೆಗೆ ಮಾರಿದ್ದಳು. ಅವರು ಗೋಡೆ ಕೆಡವುತ್ತಾರೆ.

"ನಿಂಗೆ ಮಾತ್ರ ಕೊಡೂದಿಲ್ಲ ಅಂದೇಳಿ ಅವ್ರಿಗೆ ಕೊಟ್ಟೆ," ಎಂದಳು. "ನೀ ವಾಸ್ಕೋಗೆ ಹೋದದ್ದು ಗೊತ್ತು. ಆದ್ರೂ ಕ್ಷಮೆ ಕೇಳ್ಬೇಡ. ನನ್ನ ಹತ್ರ ಇಲ್ಲ ಅದು."

"ನಿಮ್ಮ ಮಗ..."

"ಅವ್ನಿಗೆ ಗೊತ್ತಿತ್ತು ಅಂತ ನಂಗೂ ಗೊತ್ತು. ಹೆತ್ತವ್ಳು ನಾನು. ನಡಿ ನೀನು."

ರೂಪಾ ನಡೆದಳು. ಬಸ್ ಡ್ಯೂಟಿ, ಕಾಲೊನಿ, ನಲ್ಲಿ, ಮತ್ತೆ ಡ್ಯೂಟಿ. ಇಪ್ಪತ್ತು ದಿನ ಹಾಗೆಯೇ ಹೋಯಿತು.

ಒಂದು ಬೆಳಿಗ್ಗೆ ಕಾರವಾರದಲ್ಲಿ ಬಸ್ಸಿಗೆ ಕೊನೆಯದಾಗಿ ಹತ್ತಿದವನನ್ನು ನೋಡಿ ಅವಳ ಕೈ ಟಿಕೆಟ್ ಯಂತ್ರದ ಮೇಲೆಯೇ ನಿಂತಿತು. ಮಂಗೇಶ! ಮೇಲ್ತುಟಿಗೆ ಮೂರು ಹೊಲಿಗೆ.

"ಅಯ್ಯೋ... ಎಂತಾಯ್ತು ಇದು?"

"ಬಂದರದಲ್ಲಿ ಹೇಳಿದೆ, ಆ ಸುಳ್ಳು ಕಟ್ಟಿದವ ನಾನೇ ಅಂದೇಳಿ. ದಮಯಂತಿಬಾಯಿ ಕಡೆ ಸಂಬಂಧದವ ಒಬ್ಬ ಇದ್ದ ಅಲ್ಲಿ. ಕೊಟ್ಟ ಒಂದು."

"ನೀನ್ಯಾಕೆ ಹಾಂಗೆ ಹೇಳಿದ್ದು?"

"ಊರಿಗೆಲ್ಲ ಹಂಚಿದ ನಾಲಿಗೆ ನಂದೇ ಅಲ್ವಾ? ಒಂದು ಮಾತು ಆ ಮನೆಗೆ ಹೋಗಿ ಕೇಳ್ಲಿಲ್ಲ ನಾನು. ಮತ್ತೆ... ನೀನು ಹನ್ನೊಂದು ಬಾಗ್ಲು ಬಡಿದ್ಯಂತೆ. ಪುಂಡಲೀಕ ಹೇಳ್ದ."

ರೂಪಾಳ ಕಣ್ಣು ತುಂಬಿತು. "ಇನ್ನೊಂದು ಸುಳ್ಳು ಬೇಡ, ಮಂಗೇಶ. ನನ್ನ ಹೆಸ್ರೇ ಹೇಳು ಅವ್ರಿಗೆ. ನಾಳೆ ನಾನೇ ಬಂದು ಹೇಳ್ತೆ."

"ಹೊಡೀತ್ರು."

"ಹೊಡೀಲಿ."

ಅವನು ಅವಳನ್ನೇ ನೋಡಿದ. ಅವಳು ಕಂಬಿ ಹಿಡಿದು ನಿಂತಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು, "ನಿನ್ನ ಕಂಡ್ರೆ ನಂಗೆ ಇಷ್ಟ. ಆ ಸುಳ್ಳು ಹೇಳುವಾಗ್ಲೂ ಇತ್ತು. ಇದ್ದೂ ಹೇಳಿದ್ದು ನಾನು... ಅದೇ ನಂಗೆ ತಡ್ಕಂಬುಕೆ ಆಗೂದಿಲ್ಲ."

ಅವನು ಹೊಲಿಗೆಯ ತುಟಿಯನ್ನು ಬೆರಳಿನಿಂದ ಒತ್ತಿಕೊಂಡ. "ಸಿಟ್ಟು ಇನ್ನೂ ಹೋಗ್ಲಿಲ್ಲ ನಂದು."

"ಗೊತ್ತು."

"ಆದ್ರೂ ದಿನಾ ಈ ಬಸ್ಸಿನ ಹೊತ್ತಿಗೆ ನಿಲ್ದಾಣಕ್ಕೆ ಬತ್ತಿದ್ದೆ. ಹತ್ತುಕೆ ಧೈರ್ಯ ಆಗ್ಲಿಲ್ಲ." ಅವನು ಕಿಟಕಿಯತ್ತ ತಿರುಗಿ ಕೇಳಿದ, "ನಿನ್ನ ಆಯಿಗೆ ಗೊತ್ತಾ ಎಲ್ಲಾ?"

"ಎಲ್ಲಾ ಹೇಳ್ದೆ. ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ."

"ಮೂರನೇ ದಿನ?"

"'ಅವ ಊಟಕ್ಕೆ ಬತ್ನಾ ಕೇಳು' ಅಂದ್ಲು."

ಬಸ್ಸು ಹೊರಟಿತು. ಅವನು ಪಕ್ಕದ ಸೀಟಿನ ಮೇಲಿದ್ದ ತನ್ನ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಕೂತ್ಕ ಸ್ವಲ್ಪ. ಜನ ಕಡಿಮೆ ಇವತ್ತು."

ಅವಳು ಕೂತಳು.

"ಈ ತುಟಿಲಿ ಖಾರ ತಿನ್ನುಕೆ ಆಗೂದಿಲ್ಲ, ರೂಪಾ."

"ಗಂಜಿ ಮಾಡ್ಸ್ತೆ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ನೀ ಬಾ."