ಪಿಲ್ಲರ್ ನಂಬರ್ ಹೇಳಬ್ಯಾಡ

“ಸಪ್ನಾ, ನಾ ನಿಮ್ಮಪ್ಪ. ನಿನ್ನ ಫೀಸಿನ ರೊಕ್ಕ ತಂದೀನಿ. ಸಿಕಂದರಾಬಾದ್ ಸ್ಟೇಷನ್ನಾಗ ನಿಂತೀನಿ. ಎಲ್ಲಿಗೆ ಬರ್ಲಿ, ಹೇಳು.”

ಅವ್ವ ರೇಣುಕಾ ರಸ್ತೆ ಬದಿಯಲ್ಲಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈತುಂಬ ಹಿಟ್ಟು. ಅದಕ್ಕೇ ಫೋನನ್ನು ಸಪ್ನಾ ಎತ್ತಿದ್ದಳು. ಅಪ್ಪನ ದನಿ ಎಷ್ಟು ಮೆತ್ತಗಿತ್ತೆಂದರೆ ಅವಳಿಗೆ ಖುಷಿಯೇ ಆಯಿತು. ಫೀಸು ಕಟ್ಟಿದರೆ ಕ್ಲಾಸಿನಲ್ಲಿ ಎದ್ದು ನಿಲ್ಲುವುದು ತಪ್ಪುತ್ತದಲ್ಲ!

ಹೈದರಾಬಾದಿನ ಈ ಕೂಕಟ್‌ಪಲ್ಲಿಯಲ್ಲಿ ಅಡ್ರೆಸ್ ಹೇಳುವುದು ಬಲು ಸುಲಭ. ಹತ್ತಿರದ ಮೆಟ್ರೋ ಪಿಲ್ಲರ್ ಮೇಲೆ ಬರೆದ ನಂಬರ್ ಹೇಳಿದರೆ ಮುಗಿಯಿತು. ಬಿರಿಯಾನಿಯೂ ಬರುತ್ತದೆ, ಕರೆಯದ ನೆಂಟರೂ ಬರುತ್ತಾರೆ.

“ಪಿಲ್ಲರ್ ನಂಬರ್...” ಎಂದು ಸಪ್ನಾ ಶುರು ಮಾಡಿದಳು.

ಅವ್ವ ಹಿಟ್ಟಿನ ಕೈಯಲ್ಲೇ ಫೋನ್ ಕಸಿದುಕೊಂಡಳು.

“ರೊಕ್ಕ ಬ್ಯಾಂಕಿಗೆ ಹಾಕ್ರಿ. ಕೋರ್ಟಿನ್ಯಾಗ ಹಂಗ ಹೇಳ್ಯಾರ. ಕೈಯಾಗ ಕೊಡೂದು ಬ್ಯಾಡ.”

ಮೆತ್ತಗಿನ ದನಿ ಎಲ್ಲಿ ಹೋಯಿತೋ! “ನನ್ನ ಮಗಳಿಗೆ ಕೊಡಾಕ ಯಾವ ಕೋರ್ಟು? ಎಲ್ಲಿದ್ದಿ ಹೇಳ್ತೀಯೋ ಇಲ್ಲೋ? ಸಿಕ್ಕರ ಕಾಲ್ ಮುರೀತೀನಿ!”

ಅಪ್ಪನ ಕೂಗು ಸಪ್ನಾಗೂ ಕೇಳಿಸಿತು. ಹಳೆಯ ಮನೆಯಲ್ಲಿ ಇಂಥ ಕೂಗಿನ ಹಿಂದೆಯೇ ಬೆಲ್ಟು ಬರುತ್ತಿತ್ತು.

“ಈ ಮಾತು ರೆಕಾರ್ಡ್ ಆಗಾಕತ್ತೈತಿ. ವಕೀಲರಿಗೆ ಕಳಸ್ತೀನಿ,” ಎಂದು ಅವ್ವ ಫೋನ್ ಇಟ್ಟಳು. ಅವಳ ದನಿ ಒಂಚೂರೂ ಏರಲಿಲ್ಲ. ಎಂಥಾ ಗಟ್ಟಿಗಿತ್ತಿ!

“ಅವ್ವಾ, ನನ್ನ ಫೀಸು?” ಸಪ್ನಾ ಅಳುಮೋರೆ ಮಾಡಿದಳು.

“ಅದನ್ನ ಅವ್ರು ಕೊಡಬೇಕು, ನಾ ಬಿಡೂದಿಲ್ಲ. ವಕೀಲರು ಕೇಳ್ತಾರ. ಆದ್ರ ನಮ್ಮ ಜಾಗ ಮಾತ್ರ ಅವ್ರಿಗೆ ಗೊತ್ತಾಗಬಾರ್ದು.”

“ನಾ ಹೇಳೇಬಿಡ್ತಿದ್ದೆ...”

“ನೀ ಸಣ್ಣಾಕಿ. ಅದ್ರಾಗ ನಿಂದೇನೂ ತಪ್ಪಿಲ್ಲ. ಇನ್ನ ಮ್ಯಾಲೆ ಫೋನ್ ಬಂದ್ರ ನನಗ ಕೊಡು. ಅಷ್ಟು ಸಾಕು.”

“ಅಕ್ಕಾ, ರೆಂಡು ರೊಟ್ಟೆಲು!” ಬೈಕಿನಿಂದ ಇಳಿದ ಗಿರಾಕಿಯೊಬ್ಬ ತೆಲುಗಿನಲ್ಲಿ ಎರಡು ರೊಟ್ಟಿ ಕೇಳಿದ.

“ಇಸ್ತಾ ಅಣ್ಣಾ,” ಕೊಡ್ತೀನಿ ಎಂದು ಅವ್ವ ಹಿಟ್ಟಿನ ಉಂಡೆ ಬಡಿಯತೊಡಗಿದಳು. ಎತ್ತುವಾಗ ರೊಟ್ಟಿ ಅಂಚಿನಲ್ಲಿ ಹರಿಯಿತು.

ಅವ್ವನ ರೊಟ್ಟಿ ಹರಿಯುವುದೇ? ಸಪ್ನಾ ಬೆರಗಿನಿಂದ ನೋಡಿದಳು. ಅವ್ವನ ಬೆರಳುಗಳು ನಡುಗುತ್ತಿದ್ದವು.

ಅಂದರೆ ಅವ್ವನಿಗೂ ಭಯವಾಗಿತ್ತು. ಅಷ್ಟು ಭಯ ಇಟ್ಟುಕೊಂಡೇ ಅಪ್ಪನಿಗೆ ಅಷ್ಟು ಸಮಾಧಾನವಾಗಿ ಉತ್ತರ ಕೊಟ್ಟಿದ್ದಳು. ಸಪ್ನಾಗೆ ಅವ್ವನ ಮೇಲೆ ಎಲ್ಲಿಲ್ಲದ ಹೆಮ್ಮೆ ಬಂತು.

ಅವಳು ಸರಿದು ಅವ್ವನ ಮಗ್ಗುಲಿಗೇ ಕುಳಿತಳು.

“ಹರದಿದ್ದು ನನಗಿರ್ಲಿ ಅವ್ವಾ,” ಎಂದಳು. “ಅಣ್ಣಗ ಇನ್ನೊಂದು ಬಡಿ. ಅವಸರ ಇಲ್ಲ.”