ಕೂತವಳಿಗೂ ಜೆಬಲೆಕೋ

"ಜೆಬಲೆಕೋ, ನ್ಯಾಬೋ."

ನಬುಕಾಲು ತಲೆಯೆತ್ತಿದಳು. ಬಾಗಿಲಲ್ಲಿ ಲುಬೋವಾ ನಿಂತಿದ್ದ. ಮಸಾಕಾ ಊರಿನ ಆ ಶೆಡ್ಡಿನಲ್ಲಿ ಕೃತಕ ಕಾಲು ಮಾಡುವವನು. ತೋಳಿನವರೆಗೆ ಪ್ಲಾಸ್ಟರ್ ಪುಡಿ.

ದುಡಿಯುವವರನ್ನು ಕಂಡರೆ ಊರಿನವರೆಲ್ಲ ಹೇಳುವ ಮಾತದು: ನಿಮ್ಮ ದುಡಿಮೆಗೆ ವಂದನೆ, ಅಮ್ಮಾ. ಆದರೆ ಅವಳು ಬೆಂಚಿನ ಮೇಲೆ ಕೂತು, ಕಾಲು ಕಳೆದುಕೊಂಡ ನಕಾಯಿಮಾ ಅಜ್ಜಿಯ ಜೊತೆ ಬಾಳೆತೋಟದ ಸುದ್ದಿ ಹರಟುತ್ತಿದ್ದಳು.

ಅಣಕಿಸ್ತಿದ್ದಾನೆ... ಅವಳ ಕಿವಿ ಬಿಸಿಯಾಯಿತು. ಅಜ್ಜಿಯ ಕಡೆಗೇ ತಿರುಗಿಕೊಂಡಳು.

ಆಮೇಲೂ ಅಷ್ಟೇ. ಅವಳು ಯಾರ ಪಕ್ಕ ಕೂತರೂ ಅವನ ಬಾಯಲ್ಲಿ ಅದೇ ಮಾತು. ಶುಂಠಿ ಚಹಾ ತಂದಿಟ್ಟು ಅದನ್ನೇ ಹೇಳುವಾಗ ಮಾತ್ರ ಅವಳಿಗೆ ಸಿಟ್ಟಿನ ಜೊತೆ ಇನ್ನೇನೋ ಆಗುತ್ತಿತ್ತು.

ಕಂಪಾಲಾದ ವಿಮಾ ಕಚೇರಿಯಲ್ಲಿ ಜನರಿಗೆ 'ಆಗುವುದಿಲ್ಲ' ಎನ್ನುವುದೇ ಅವಳ ಕೆಲಸವಾಗಿತ್ತು. ಸಂಜೆ ಅಮ್ಮನೊಡನೆ ಮಾತಾಡಲೂ ತ್ರಾಣ ಉಳಿಯುತ್ತಿರಲಿಲ್ಲ. ಅದನ್ನು ಬಿಟ್ಟು, ಕಾಲು ಮಾಡಿಸಲು ಬರುವವರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಲ್ಲಿಗೆ ಬಂದ ಮೇಲೆ ಸಂಜೆ ಬಾಳೆಕಾಯಿ ಸುಲಿಯುತ್ತಾ ಹಾಡಿಕೊಳ್ಳುತ್ತಾಳೆ. ಆದರೂ, ನಾನಿಲ್ಲಿ ಮಾಡುವುದೇನು? ಬರೀ ಮಾತು. ಹಳೆಯ ಕಚೇರಿಯವರು ಮತ್ತೆ ಕರೆದಿದ್ದರು; ಶೆಡ್ಡಿನಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಇವತ್ತೇ ಉತ್ತರ ಹೇಳಬೇಕು.

ಹೋಗುತ್ತೇನೆಂದು ಹೇಳಲು ಅವಳು ಲುಬೋವಾನ ಬಳಿ ಬಂದಾಗ, ನಕಾಯಿಮಾ ಅಜ್ಜಿ ಹೊಸ ಕಾಲು ಹಾಕಿಕೊಂಡು ನಿಂತಿದ್ದಳು.

ಎದುರಿಗೆ ಅಜ್ಜಿಯ ಮಾವನ ಕಡೆಯ ಹಿರಿಯರೊಬ್ಬರು ಕೂತಿದ್ದರು. ಅಜ್ಜಿ ಗೋಡೆ ಹಿಡಿದು ನಿಧಾನವಾಗಿ ಬಾಗಿ, ಅಲ್ಲಿನ ಹೆಂಗಸರ ರೂಢಿಯಂತೆ ನೆಲಕ್ಕೆ ಎರಡೂ ಮಂಡಿಯೂರಿ ಅವರ ಕ್ಷೇಮ ಕೇಳಿದಳು. ಕೇಳುತ್ತಲೇ ಅತ್ತಳು.

ಹಳೆಯ ಕೃತಕ ಕಾಲನ್ನು ಅಜ್ಜಿ ಮಂಚದಡಿ ತಳ್ಳಿದ್ದೇಕೆಂದು ಮೊದಲು ಯಾರಿಗೂ ತಿಳಿದಿರಲಿಲ್ಲ. ಅದರಲ್ಲಿ ನಡೆಯಲು ಬರುತ್ತಿತ್ತು, ಮಂಡಿಯೂರಲು ಬರುತ್ತಿರಲಿಲ್ಲ. ಹಿರಿಯರೆದುರು ನಿಂತೇ ಮಾತಾಡುವ ನಾಚಿಕೆಗೆ ಅವಳು ಮನೆಯಿಂದಲೇ ಹೊರಬರುತ್ತಿರಲಿಲ್ಲ. ಬಾಳೆತೋಟದ ಹರಟೆಯ ನಡುವೆ ಅದು ಬಾಯಿತಪ್ಪಿ ಬಂದದ್ದು, ನಬುಕಾಲು ಅದನ್ನು ಲುಬೋವಾನಿಗೆ ಹೇಳಿದ್ದು, ಅವನು ಮಂಡಿಯ ಕೀಲನ್ನೇ ಬದಲಿಸಿದ್ದು... ಅವಳಿಗೆ ಈಗ ಎಲ್ಲವೂ ಒಟ್ಟಿಗೆ ಕಂಡಿತು.

"ನೀವು ನನ್ನನ್ನ ಅಣಕಿಸ್ತಿದ್ರಿ ಅಂದ್ಕೊಂಡಿದ್ದೆ," ಎಂದಳು.

"ಅಣಕವಾ?" ಅವನು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ. "ನಾನು ಅಳತೆ ತಗೊಂಡ್ರೆ ಕಾಲಷ್ಟೇ ಸಿಗುತ್ತೆ. ನೀವು ಕೂತ್ರೆ ಇಡೀ ಮನುಷ್ಯರೇ ಸಿಗ್ತಾರೆ. ಅದು ಕೆಲಸ ಅಲ್ದೆ ಮತ್ತೇನು?"

ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಯಿತು.

"ನಾನು ಮಂಡಿಯೂರಿದ್ದಾಯ್ತು," ಅಜ್ಜಿ ಕಣ್ಣೊರೆಸಿಕೊಂಡು ಗದರಿದಳು. "ಇನ್ನು ನೀನು ಬಾಯಿ ಬಿಡೋ, ಮಗನೇ. ದಿನಾ ಚಹಾ ಕೊಟ್ಟೇ ಮುದುಕ ಆಗ್ತೀಯಾ?"

ಲುಬೋವಾ ಪುಡಿಯ ಕೈ ಒರೆಸಿಕೊಂಡ. "ಹೋಗ್ಬೇಡಿ. ಕೆಲಸಕ್ಕೆ ಮಾತ್ರ ಹೇಳ್ತಿಲ್ಲ... ನನಗೂ ನೀವು ಬೇಕು."

ನಬುಕಾಲು ಕಚೇರಿಗೆ ಫೋನ್ ಮಾಡಿ, ಬರಲು ಆಗುವುದಿಲ್ಲ ಎಂದಳು. ಆ ಮಾತನ್ನು ಅವಳು ನಗುತ್ತಾ ಹೇಳಿದ್ದು ಅದೇ ಮೊದಲು.

ಮತ್ತೆ ಬೆಂಚಿನ ಮೇಲೆ ಕೂತಳು.

"ಜೆಬಲೆಕೋ, ನಬುಕಾಲು," ಎಂದ ಅವನು ಮೆಲ್ಲಗೆ. ನ್ಯಾಬೋ ಎನ್ನಲಿಲ್ಲ.

"ನಿನಗೂ ಜೆಬಲೆಕೋ," ಎಂದಳು. "ಚಹಾ ಎಲ್ಲಿ?"