ಕಲ್ಮೇಶನ ಹೆಸರಿನ ರಕ್ತ

"ಬಿಡಲೇ... ಕುತಿಗಿ ಬಿಡು!"

ಅಷ್ಟು ಹೇಳುವುದರೊಳಗೆ ಉಸಿರು ಕಟ್ಟಿತು.

ಸುರೇಬಾನದ ಕಬ್ಬಿನ ಹೊಲ. ಬೆಳಗಿನ ಬಿಸಿಲು. ಮುಖ ಮಣ್ಣಿನಲ್ಲಿ, ಬೆನ್ನ ಮೇಲೆ ಒಬ್ಬ ಪೈಲ್ವಾನ. ಅವನ ತೋಳು ನನ್ನ ಗಂಟಲ ಸುತ್ತ!

"ಯಾರಲೇ ನೀ? ಆ ಡಾಕ್ಟರ್ ಕಳಸ್ಯಾನೇನ್?"

ಹೌದು ಅಂದರೆ ಕುತ್ತಿಗೆ ಮುರಿಯುತ್ತಿತ್ತು. ಇಲ್ಲ ಅಂದರೆ ಸುಳ್ಳಾಗುತ್ತಿತ್ತು. ನಾನು ಸುಮ್ಮನೆ ಕೆಮ್ಮಿದೆ.

"ಕಲ್ಮ್ಯಾ! ಬಿಡು ಅವನ್ನ!"

ಕಬ್ಬು ಸರಿಸಿಕೊಂಡು ಒಬ್ಬ ಮುದುಕರು ಬಂದರು. ಮುದುಡಿದ ಕಿವಿ, ಬಿಳಿ ಮೀಸೆ. ಇವನಿಗೆ ಕುಸ್ತಿ ಕಲಿಸಿದ ಉಸ್ತಾದ್ ಪರಸಪ್ಪ. ತೋಳು ತಕ್ಷಣ ಸಡಿಲವಾಯಿತು. ನಮ್ಮ ಕಡೆ ಪೈಲ್ವಾನರು ಅಪ್ಪನ ಮಾತು ಮೀರಿದರೂ ಮೀರಿಯಾರು, ಉಸ್ತಾದರ ಮಾತು ಮೀರುವುದಿಲ್ಲ.

ತಾಳಿ, ನಾನು ಯಾರು ಅಂತ ಹೇಳಲೇ ಇಲ್ಲ. ವಿರೂಪಾಕ್ಷ. ಪೊಲೀಸ್ ಕೆಲಸ ಬಿಟ್ಟು ಬೈಲಹೊಂಗಲದಲ್ಲಿ ಆಫೀಸು ಇಟ್ಟವನು. ಓಡಿಹೋದವರನ್ನು ಹುಡುಕಿ ತರುವುದು ನನ್ನ ದಂಧೆ. ಹಿಂದಿನ ದಿನ ಡಾಕ್ಟರ್ ಶಂಕರೆಪ್ಪ ಕರೆಸಿದ್ದ. ಕಿತ್ತೂರಿನ ಹೈವೇ ಪಕ್ಕ ಅವನ ಸ್ಪೋರ್ಟ್ಸ್ ಅಕಾಡೆಮಿ. ಮಾತಾಡುವಾಗಲೆಲ್ಲ ಕೈಗೆ ಸ್ಯಾನಿಟೈಸರ್ ತಿಕ್ಕಿಕೊಳ್ಳುವ ಆಸಾಮಿ.

"ನಮ್ಮ ಅಕಾಡೆಮಿ ಪೈಲ್ವಾನ ಕಲ್ಮೇಶ ಓಡಿ ಹೋಗ್ಯಾನ್ರಿ. ನಾಳೆ ಮಧ್ಯಾಹ್ನ ಇಲ್ಲೇ ಕುಸ್ತಿ ಟ್ರಯಲ್ಸ್ ಐತಿ. ಹಿಡಕೊಂಡ ಬರ್ರಿ. ಅವನ ರಕ್ತ ಅಂದ್ರ ಬಂಗಾರ!"

ಆಮೇಲೆ ಒಂದು ಭಾಷಣ. ದೊಡ್ಡ ಆಟಗಾರರ ರಕ್ತ ತರಿಸಿ ಜೀನ್ ನೋಡುತ್ತಾನಂತೆ. ತಿಂದ ಕೊಬ್ಬು, ಸಕ್ಕರೆ, ಮೈಯೊಳಗಿನ ಹಾರ್ಮೋನ್... ಇವೆಲ್ಲ ಕರಗಿ ರಕ್ತದಲ್ಲಿ ಉಳಿಯುವ ಅಂಶ ಒಬ್ಬೊಬ್ಬರಲ್ಲಿ ಒಂದೊಂದು ಥರವಂತೆ. ಸ್ವಲ್ಪ ಊಟದಿಂದ, ಸ್ವಲ್ಪ ಕಸರತ್ತಿನಿಂದ, ಸ್ವಲ್ಪ ಹುಟ್ಟಿನಿಂದ. ದೊಡ್ಡ ವಿಜ್ಞಾನ ಅಂದುಕೊಂಡು ತಲೆಯಾಡಿಸಿ ಬಂದಿದ್ದೆ. ಓಡಿದ ಪೈಲ್ವಾನ ಉಸ್ತಾದರ ಊರಿಗೇ ಹೋಗುತ್ತಾನೆ ಅಂತ ಬೆಳಗಾಗುವುದರೊಳಗೆ ಸುರೇಬಾನ ಸೇರಿದ್ದೆ.

ಈಗ ಹೊಲದಲ್ಲಿ ಕಲ್ಮೇಶ ಅಂಗಿ ಎತ್ತಿ ಸೊಂಟ ತೋರಿಸಿದ. ಸೂಜಿ ಚುಚ್ಚಿದ ಜಾಗ ಕಪ್ಪುಗಟ್ಟಿತ್ತು.

"ಅಕಾಡೆಮಿಯಾಗ ವಿಟಮಿನ್ ಅಂತ ಹೇಳಿ ಚುಚ್ಚಿದ್ರು. ನನ್ನ ದೋಸ್ತ ಸಚಿನಗೂ ಚುಚ್ಚಿದ್ರು. ಅವನ ಕಣ್ಣೆಲ್ಲಾ ಹಳದಿ ಆಗಿ ದವಾಖಾನ್ಯಾಗ ಬಿದ್ದಾನ. ಅದನ್ನ ನೋಡಿ ಓಡಿ ಬಂದೆ."

ಡಾಕ್ಟರನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದೆ.

"ಹುಡುಗ ಸಿಕ್ಕಾನ್ರಿ. ಆದ್ರ ಡೋಪ್ ಟೆಸ್ಟಿಗೆ ಅಂಜಾಕ ಹತ್ಯಾನ."

ಡಾಕ್ಟರ್ ನಕ್ಕ! "ಸಿಗಂಗಿಲ್ಲ ಅಂತ ಹೇಳ್ರಿ. ಕೆಲವು ಮಂದಿ ಜೀನಿನ್ಯಾಗ ಒಂದು ತುಂಡ ಇರಂಗಿಲ್ಲ. ಅಂಥವರಿಗೆ ಹಾರ್ಮೋನ್ ಚುಚ್ಚಿದ್ರೂ ಟೆಸ್ಟಿನ್ಯಾಗ ಗುರುತು ಏಳೂದಿಲ್ಲ. ಕಲ್ಮೇಶ ಅಂಥಾವ. ರಕ್ತ ನೋಡೇ ಆರಿಸೇನಿ."

"ಮತ್ತ ಸಚಿನ?"

"ಡೋಸ್ ಎಷ್ಟು ತಡಿತಾರ ಅಂತ ಯಾರದರ ಮೈಮ್ಯಾಲೆ ನೋಡಬೇಕಲ್ರೀ..."

ಫೋನ್ ಕಟ್ ಮಾಡಿದೆ. ಥೂ! ಸಂತೆಯಲ್ಲಿ ಹಲ್ಲು ಎಣಿಸುವ ದಲ್ಲಾಳಿಯೂ ಎತ್ತಿನ ಬೆನ್ನು ಒಮ್ಮೆ ಸವರುತ್ತಾನೆ. ಇಂಥವನ ಕೈಯಿಂದ ಚಹಾ ಕುಡಿದು ಬಂದಿದ್ದೆನಲ್ಲ ಅಂತ ಬಾಯಿ ತೊಳೆಯಬೇಕೆನಿಸಿತು.

ಉಸ್ತಾದರು ನನ್ನನ್ನೇ ನೋಡುತ್ತಿದ್ದರು.

"ಸಾಹೇಬ್ರ... ಆ ರಕ್ತ ಇವಂದಲ್ರಿ."

"ಮತ್ತ ಯಾರ್ದು?"

"ನಂದು! ಕುಸ್ತಿ ಹತ್ತರ ಇದ್ದಾಗ ಪೈಲ್ವಾನನ ರಕ್ತಾ ತಗಿಬಾರದ್ರಿ. ತಾಕತ್ ಇಳಿತೈತಿ. ನಮ್ಮ ಗರಡಿಮನ್ಯಾಗ ಹಿಂದಿನಿಂದ ಹಂಗ ಐತಿ. ಇವನ್ನ ಅಕಾಡೆಮಿಗೆ ಆರಿಸೂ ಮೊದ್ಲ ಡಾಕ್ಟರ್ ಕಳಿಸಿದ ನರ್ಸಬಾಯಿ ಬಂದು ಕಲ್ಮೇಶ ಅಂತ ಕೂಗಿದ್ಲು. ಇವನ್ನ ಹಿಂದ ಸರಿಸಿ ನಾನ ತೋಳು ಚಾಚಿದೆ."

"ಆಕಿ ಏನೂ ಅನ್ನಲಿಲ್ಲೇನ್ರಿ?"

"ಮಾರಿ ಯಾರ ನೋಡತಾರ್ರಿ? ರಕ್ತ ಅಷ್ಟ ಬೇಕಾಗಿತ್ತು ಅವರಿಗೆ."

ನಗು ಬಂತು... ಅಲ್ಲೇ ಒಣಗಿಯೂ ಹೋಯಿತು. ಕಲ್ಮೇಶನ ಮೈಯಲ್ಲಿ ಆ ಔಷಧಿ ಇದೆ. ಟೆಸ್ಟಿನಲ್ಲಿ ಅದನ್ನು ಮರೆಮಾಚುವ ಜೀನ್ ಇರುವುದು ಮುದುಕರ ಮೈಯಲ್ಲಿ! ಇವತ್ತು ಟೆಸ್ಟ್ ಆದರೆ ಹುಡುಗ ಸಿಕ್ಕಿಬೀಳುತ್ತಾನೆ. ವರ್ಷಗಟ್ಟಲೆ ಬ್ಯಾನ್. ಅಲ್ಲಿಗೆ ಕುಸ್ತಿ ಮುಗಿಯಿತು.

"ಊರ ಬಿಟ್ಟ ಹೊಕ್ಕೇನ್ರಿ," ಅಂದ ಕಲ್ಮೇಶ.

"ಹೋದ್ರ ಕದ್ದು ಚುಚ್ಚಿಕೊಂಡಾಂವ ನೀನ ಅಂತಾನ ಆ ಡಾಕ್ಟರ್. ಟೆಸ್ಟಿನ ಮಂದಿ ಮುಂದ ನೀನ ಮೊದ್ಲ ಬಾಯಿ ಬಿಡು. ನಡಿ ಕಿತ್ತೂರಿಗೆ!" ಅಂದೆ ನಾನು.

ರಸ್ತೆಗೆ ಬಂದರೆ ನನ್ನ ಕಾರಿಗೆ ಅಡ್ಡ ಒಂದು ಸ್ಕಾರ್ಪಿಯೊ! ಡಾಕ್ಟರ್ ನನ್ನ ಹಿಂದೆಯೇ ಇಬ್ಬರನ್ನು ಬಿಟ್ಟಿದ್ದ. ಒಬ್ಬನ ಕೈಯಲ್ಲಿ ರಾಡು.

"ಹುಡುಗನ್ನ ಇಲ್ಲಿ ಕೊಡು. ಅಕಾಡೆಮಿಗೆ ಒಯ್ಯಬೇಕು."

ರಾಡು ಎದ್ದಿತು. ಇಳಿಯಲಿಲ್ಲ! ಉಸ್ತಾದರು ಅವನ ಮಣಿಕಟ್ಟು ಹಿಡಿದು ತಿರುವಿದರು. ಆಸಾಮಿ ರಸ್ತೆ ಪಕ್ಕದ ಕಾಲುವೆಗೆ ಬಿದ್ದ. ಇನ್ನೊಬ್ಬನ ಮೂಗಿಗೆ ನಾನು ಹಣೆಯಿಂದಲೇ ಉತ್ತರ ಕೊಟ್ಟೆ.

ಕಾರು ಹಾರಿತು. ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ಸ್ಕಾರ್ಪಿಯೊ!

ಸವದತ್ತಿ ಹತ್ತಿರ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಜೋರಾಗಿ ಹಾಡು. ರಸ್ತೆ ಪೂರ್ತಿ ಅವನದೇ. ಎಡಗಡೆ ಮಣ್ಣಿಗಿಳಿಸಿ ನುಗ್ಗಿದೆ. ಕಬ್ಬು ಗಾಜಿಗೆ ಉಜ್ಜಿತು... ದಾಟಿದೆವು! ಹಿಂದೆ ಸ್ಕಾರ್ಪಿಯೊ ಹೊಲಕ್ಕಿಳಿದು ಕರಿಮಣ್ಣಿನಲ್ಲಿ ಹೂತುಕೊಂಡಿತು.

ಕಿತ್ತೂರು. ಟ್ರಯಲ್ಸ್ ನಡೆಯುವ ಮೈದಾನದಲ್ಲಿ ಶಾಮಿಯಾನ, ಮ್ಯಾಟು, ಮೈಕು, ಬಂದೋಬಸ್ತಿಗೆ ಬಂದ ಪೊಲೀಸರು. ಡೋಪ್ ಟೆಸ್ಟ್ ಮಾಡುವ ಮೇಡಂ ಟೇಬಲ್ ಮುಂದೆ ಕುಳಿತಿದ್ದರು. ಕಲ್ಮೇಶ ನೇರ ಅಲ್ಲಿಗೇ ಹೋದ.

"ಮೇಡಮ್ಮಾರ, ವಿಟಮಿನ್ ಅಂತ ಸುಳ್ಳ ಹೇಳಿ ನನಗ ಸೂಜಿ ಚುಚ್ಚ್ಯಾರ್ರಿ. ನಾ ಇವತ್ತ ಆಡಂಗಿಲ್ಲ."

ಶಂಕರೆಪ್ಪ ಓಡಿ ಬಂದ. ಬಾಯಲ್ಲಿ ನಗು, ಕೈಯಲ್ಲಿ ಸ್ಯಾನಿಟೈಸರ್.

"ಸುಳ್ಳು ಮೇಡಂ! ಸೋಲ್ತೀನಿ ಅಂತ ನಾಟಕ. ಈಗಲೇ ಟೆಸ್ಟ್ ಮಾಡಿ. ಎರಡು ಸಲ ಮಾಡಿ! ನಾನೇ ಹೇಳ್ತಾ ಇದೀನಿ, ಹುಡುಗ ಕ್ಲೀನ್!"

ಮೈದಾನವೆಲ್ಲ ಕೇಳಿಸಿಕೊಂಡಿತು. ಮೇಡಂ ಕಿಟ್ ತೆಗೆದರು. ನಾನು ಉಸ್ತಾದರ ಕಡೆ ನೋಡಿದೆ.

"ಡಾಕ್ಟರ್ರ, ನಿಮ್ಮ ನರ್ಸಬಾಯಿ ಕಲ್ಮೇಶ ಅಂತ ಕೂಗಿದಾಗ ರಕ್ತ ಕೊಟ್ಟಾಂವ ನಾನ್ರಿ."

ಸ್ಯಾನಿಟೈಸರ್ ತಿಕ್ಕುತ್ತಿದ್ದ ಕೈ ನಿಂತಿತು.

"ಮೇಡಂ... ಟೆಸ್ಟ್ ಬೇಡ."

"ಏನಂದಿರಿ?"

"ಬೇಡ! ಹುಡುಗ ಸುಸ್ತಾಗಿದ್ದಾನೆ. ಇವತ್ತು ಬೇಡ!"

"ಈಗಷ್ಟೇ ಎರಡು ಸಲ ಅಂದಿರಲ್ಲ ಡಾಕ್ಟರ್? ಮುದುಕರ ರಕ್ತ ಅಂದ ಕೂಡಲೇ ಏನಾಯ್ತು?"

ಮೇಡಂ ಪೊಲೀಸರನ್ನು ಕೈಸನ್ನೆ ಮಾಡಿ ಕರೆದರು.

ಕಲ್ಮೇಶ ತಾನಾಗಿಯೇ ಟೆಸ್ಟಿಗೆ ಮೂತ್ರ ಕೊಟ್ಟು ಬಂದು ಮ್ಯಾಟಿನ ಅಂಚಿನಲ್ಲಿ ಕುಳಿತ. ಮೊದಲೇ ಬಾಯಿ ಬಿಟ್ಟಿದ್ದರಿಂದ ಶಿಕ್ಷೆ ಕಡಿಮೆಯಾಗಬಹುದು ಅಂದರು ಮೇಡಂ. ಈ ವರ್ಷವಂತೂ ಹೋಯಿತು. ಅವನ ಜಾಗದಲ್ಲಿ ಬೇರೆಯವನು ಇಳಿದ. ಕಲ್ಮೇಶ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಏನೂ ತಪ್ಪು ಮಾಡದವನು ಅಳಬೇಕು, ಚುಚ್ಚಿದವನು ಕೈ ತೊಳೆದುಕೊಂಡು ನಿಲ್ಲಬೇಕು. ಎಂಥ ಹೇಸಿಗೆ!

ಪೊಲೀಸ್ ಜೀಪು ಹತ್ತುವಾಗ ಡಾಕ್ಟರ್ ನನ್ನತ್ತ ಹಲ್ಲು ಕಡಿದ.

"ನನ್ನ ಪೈಲ್ವಾನನ್ನ ಹಿಡಕೊಂಡ ಬಾ ಅಂದಿದ್ನಲ್ಲೋ..."

ನಾನು ಉಸ್ತಾದರನ್ನು ಮುಂದಕ್ಕೆ ತಂದು ನಿಲ್ಲಿಸಿದೆ.

"ತಂದೇನಲ್ರಿ. ನಿಮ್ಮ ಬಂಗಾರದ ರಕ್ತ ಇವರದ. ವಯಸ್ಸು ಅರವತ್ತೆಂಟು, ಮೊಣಕಾಲು ಬ್ಯಾನಿ ಐತಿ... ಇಳಸ್ರಿ ಮ್ಯಾಟಿಗೆ!"